ಜಾಣಮಕ್ಕಳ ಕೊಠಡಿಯ ಬಾಗಿಲು

"ಮೇಷ್ಟ್ರೇ, ಈ ದೇಶದಲ್ಲಿ ರಿಸರ್ವೇಶನ್ ಅನ್ನೋ ರಗಳೆ ಇಲ್ಲ ನೋಡಿ. ಬುದ್ಧಿ ಇದ್ದವನಿಗೆ ಸೀಟು." ಅಮೆರಿಕದಲ್ಲಿ ನೆಲೆಸಿದ ನಮ್ಮ ಕನ್ನಡಿಗರ ಬಾಯಲ್ಲಿ ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ಈಗ ಅದು ಅಭಿಪ್ರಾಯದ ಹಾಗೆ ಕೇಳುವುದೇ ಇಲ್ಲ, ಸಂಧ್ಯಾವಂದನೆಯ ಮಂತ್ರದ ಹಾಗೆ ಕೇಳುತ್ತದೆ. ಹೇಳುವವರು ಕೆಟ್ಟವರೇನಲ್ಲ. ಹಗಲಿರುಳು ದುಡಿದವರು, ಮಕ್ಕಳ ಓದಿಗಾಗಿ ತಮ್ಮ ಶನಿವಾರ ಭಾನುವಾರಗಳನ್ನು ಸವೆಸಿದವರು. ಅವರ ಮಕ್ಕಳು ಜಾಣರು ಎಂಬುದರಲ್ಲಿ ನನಗೆ ತಕರಾರಿಲ್ಲ. ನನ್ನ ತಕರಾರಿರುವುದು ಆ ಮಾತಿನ ಬೆನ್ನಿಗೆ ಅಡಗಿ ಕೂತ, ಯಾರೂ ಗಟ್ಟಿಯಾಗಿ ಹೇಳದ ಇನ್ನೊಂದು ಮಾತಿನ ಮೇಲೆ. ಸೀಟು ಸಿಗದ ಕರಿಯರ ಮಕ್ಕಳಿಗೆ ಬುದ್ಧಿ ಇಲ್ಲ ಎಂಬುದೇ ಆ ಮಾತು. ಸಭ್ಯಸ್ಥರಾದ್ದರಿಂದ ಅದನ್ನು ಅವರು ಬೇರೆ ಥರ ಹೇಳುತ್ತಾರೆ: "ಅವರ ಮನೆಗಳಲ್ಲಿ ಓದೋ ವಾತಾವರಣ ಇಲ್ಲ ಬಿಡಿ."

ಇದು ಸುಳ್ಳು. ಸುಳ್ಳೆಂದು ಲೆಕ್ಕ ಹಾಕಿ ತೋರಿಸಿಯೂ ಆಗಿದೆ. ಆದರೂ ಅದು ಬಾಯಿಂದ ಬಾಯಿಗೆ ದಾಟುತ್ತಲೇ ಇದೆಯಾದ್ದರಿಂದ ನಾನು ಇಷ್ಟು ಬರೆಯಬೇಕಾಗಿ ಬಂದಿದೆ.

ಮೊದಲು, ಈ ಸೀಟು ಎಂದರೇನು ಎಂದು ನಮ್ಮ ಓದುಗರಿಗೆ ಹೇಳಬೇಕು. ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಎಲ್ಲ ಮಕ್ಕಳೂ ಒಂದೇ ಪಾಠ ಕಲಿಯುವುದಿಲ್ಲ. ಎರಡನೆಯದೋ ಮೂರನೆಯದೋ ತರಗತಿಯ ಹೊತ್ತಿಗೆ ಕೆಲವು ಮಕ್ಕಳನ್ನು 'ಗಿಫ್ಟೆಡ್' ಎಂದು ಹೆಸರಿಟ್ಟು ಬೇರೆ ಕೊಠಡಿಗೆ ಕರೆದೊಯ್ಯುತ್ತಾರೆ. ಅಲ್ಲಿ ಪಾಠ ಬೇರೆ, ಪುಸ್ತಕ ಬೇರೆ, ಬಹಳ ಸಲ ಮೇಷ್ಟರೂ ಬೇರೆ. ಆ ಕೊಠಡಿಯಿಂದ ಬಂದ ಮಗು ಎಂಟನೆಯ ತರಗತಿಗೇ ಬೀಜಗಣಿತ ಮುಗಿಸುತ್ತದೆ. ಎಂಟಕ್ಕೆ ಬೀಜಗಣಿತ ಮುಗಿಸಿದ ಮಗು ಹನ್ನೆರಡಕ್ಕೆ ಕ್ಯಾಲ್ಕ್ಯುಲಸ್ ತಲುಪುತ್ತದೆ. ಹನ್ನೆರಡಕ್ಕೆ ಕ್ಯಾಲ್ಕ್ಯುಲಸ್ ತಲುಪದ ಹುಡುಗನನ್ನು ದೊಡ್ಡ ಎಂಜಿನಿಯರಿಂಗ್ ಕಾಲೇಜುಗಳು ತಿರುಗಿಯೂ ನೋಡುವುದು ಕಷ್ಟ. ಹದಿನೇಳರ ವಯಸ್ಸಿನಲ್ಲಿ ಆಗುವ ತೀರ್ಮಾನದ ಬಹುಪಾಲು ಏಳರ ವಯಸ್ಸಿನಲ್ಲೇ, ಮಗುವಿನ ಹಾಲುಹಲ್ಲು ಪೂರ್ತಿ ಬೀಳುವ ಮೊದಲೇ ಆಗಿಹೋಗಿರುತ್ತದೆ.

1954ರಲ್ಲಿ ಬ್ರೌನ್ ಮೊಕದ್ದಮೆಯ ತೀರ್ಪು ಬಂದು, ಕರಿಯರಿಗೊಂದು ಶಾಲೆ ಬಿಳಿಯರಿಗೊಂದು ಶಾಲೆ ಎಂಬುದು ಕಾನೂನಿನ ಮಟ್ಟಿಗೆ ಮುಗಿಯಿತಲ್ಲ, ಆಮೇಲೆ ನಡೆದದ್ದನ್ನು ಗಮನಿಸಬೇಕು. ಗೇಟು ಒಂದಾಯಿತು, ಗೋಡೆಗಳು ಒಳಗೆದ್ದವು. ರಾಜಧಾನಿ ವಾಷಿಂಗ್ಟನ್ನಿನಲ್ಲೇ ಮಕ್ಕಳನ್ನು ಪರೀಕ್ಷೆಯ ಅಂಕದ ಮೇಲೆ ಮೇಲಿನ ಹಳಿ, ಕೆಳಗಿನ ಹಳಿ ಎಂದು ವಿಂಗಡಿಸುವ ಪದ್ಧತಿ ಬಂತು. ಕೆಳಗಿನ ಹಳಿಯಲ್ಲಿ ಕರಿಯರ, ಬಡವರ ಮಕ್ಕಳು ತುಂಬಿಕೊಂಡರು. ಜೂಲಿಯಸ್ ಹಾಬ್ಸನ್ ಎಂಬ ಕರಿಯ ಹೋರಾಟಗಾರ ಇದರ ವಿರುದ್ಧ ನ್ಯಾಯಾಲಯಕ್ಕೆ ಹೋದ. 1967ರಲ್ಲಿ ನ್ಯಾಯಾಧೀಶ ಸ್ಕೆಲ್ಲಿ ರೈಟ್ ಆ ಪದ್ಧತಿಯನ್ನು ರದ್ದು ಮಾಡಿದರು. ಒಂದು ಊರಿನಲ್ಲಿ ರದ್ದಾಯಿತು, ಅಷ್ಟೆ.

ಅಳೆಯುವ ಕೋಲಿನ ಕತೆಯಂತೂ ಇನ್ನೂ ಸ್ವಾರಸ್ಯದ್ದು. ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ಬುದ್ಧಿಮಾಪನ ಪರೀಕ್ಷೆಯೊಂದನ್ನು ತಯಾರಿಸಿದ್ದು, ಯಾವ ಮಕ್ಕಳಿಗೆ ಹೆಚ್ಚಿನ ಸಹಾಯ ಬೇಕು ಎಂದು ಗುರುತಿಸುವುದಕ್ಕೆ. ಸ್ಟ್ಯಾನ್‌ಫರ್ಡಿನ ಲೂಯಿಸ್ ಟರ್ಮನ್ ಅದನ್ನು ಅಮೆರಿಕಕ್ಕೆ ತಂದು ತಿದ್ದಿ 1916ರಲ್ಲಿ ಪುಸ್ತಕ ಬರೆದ. ಕರಿಯರ, ಮೆಕ್ಸಿಕನ್ನರ, ಮೂಲನಿವಾಸಿಗಳ ಮಕ್ಕಳಲ್ಲಿ ಮಂದಬುದ್ಧಿ ಜನಾಂಗದಿಂದಲೇ ಬಂದಿರುವಂತೆ ಕಾಣುತ್ತದೆ, ಅವರನ್ನು ಬೇರೆ ತರಗತಿಗಳಲ್ಲಿ ಇಡಬೇಕು ಎಂಬ ಅರ್ಥದ ಮಾತನ್ನು ಅದರಲ್ಲಿ ಧೈರ್ಯವಾಗಿ ಬರೆದ. ಮುಂದೆ 1921ರಿಂದ ಕ್ಯಾಲಿಫೋರ್ನಿಯಾದ ಶಾಲೆಗಳನ್ನು ಜಾಲಾಡಿ ಸುಮಾರು ಸಾವಿರದ ಐನೂರು ಮಹಾ ಪ್ರತಿಭಾವಂತ ಮಕ್ಕಳನ್ನು ಆರಿಸಿ, ಅವರ ಬದುಕನ್ನು ದಶಕಗಟ್ಟಲೆ ಹಿಂಬಾಲಿಸಿದ. ಆ ಮಕ್ಕಳಲ್ಲಿ ಯಾರಿಗೂ ನೊಬೆಲ್ ಬರಲಿಲ್ಲ. ಪರೀಕ್ಷೆಗೆ ಕೂತು, ಸಾಲದು ಎನ್ನಿಸಿಕೊಂಡು ಹೊರಗುಳಿದ ಇಬ್ಬರಿಗೆ ಬಂತು, ಭೌತಶಾಸ್ತ್ರದಲ್ಲಿ. ಒಬ್ಬ ಲೂಯಿ ಆಲ್ವರೆಜ್. ಇನ್ನೊಬ್ಬ ಟ್ರಾನ್ಸಿಸ್ಟರಿನ ವಿಲಿಯಂ ಶಾಕ್ಲಿ. ಈ ಶಾಕ್ಲಿ ಮಹಾಶಯ ಮುಪ್ಪಿನಲ್ಲಿ ಮಾಡಿದ ಕೆಲಸವೇನು ಬಲ್ಲಿರಾ? ಅದೇ ಬಗೆಯ ಪರೀಕ್ಷೆಗಳ ಅಂಕಪಟ್ಟಿ ಹಿಡಿದುಕೊಂಡು, ಕರಿಯರು ಹುಟ್ಟಿನಿಂದಲೇ ಬುದ್ಧಿಯಲ್ಲಿ ಕಡಿಮೆ ಎಂದು ಊರೂರು ಭಾಷಣ ಮಾಡಿದ. ತನ್ನನ್ನೇ ದಡ್ಡರ ಸಾಲಿಗೆ ತಳ್ಳಿದ್ದ ಕೋಲನ್ನು ಹಿಡಿದು ಇನ್ನೊಬ್ಬರನ್ನು ಅಳೆಯಲು ಹೊರಟ ಇಂಥವರನ್ನು ಏನೆಂದು ಕರೆಯೋಣ?

ಅದೇ ಕ್ಯಾಲಿಫೋರ್ನಿಯಾದಲ್ಲಿ ಈ ಪರೀಕ್ಷೆಗಳ ಬಲದ ಮೇಲೆ ಕರಿಯ ಮಕ್ಕಳನ್ನು ಅವರ ಸಂಖ್ಯೆಗಿಂತ ಎರಡು ಮೂರು ಪಟ್ಟು ಹೆಚ್ಚಾಗಿ ಮಂದಬುದ್ಧಿಯವರ ತರಗತಿಗಳಿಗೆ ತುಂಬುತ್ತಿದ್ದರು. 1979ರಲ್ಲಿ ಲ್ಯಾರಿ ಪಿ. ಎಂಬ ಹೆಸರಿನ ಮೊಕದ್ದಮೆಯಲ್ಲಿ ನ್ಯಾಯಾಲಯ ಅದನ್ನು ತಡೆಯಬೇಕಾಯಿತು. ದಡ್ಡರ ಕೊಠಡಿಗೆ ಕಳಿಸುವಾಗ ಇವರನ್ನು ಹುಡುಕಿ ಹುಡುಕಿ ಆರಿಸುವ ಕಣ್ಣು, ಜಾಣರ ಕೊಠಡಿಗೆ ಆರಿಸುವಾಗ ಮಾತ್ರ ಮಂಜಾಗುತ್ತದೆ.

ಈಗ ಲೆಕ್ಕದ ವಿಷಯಕ್ಕೆ ಬರುತ್ತೇನೆ. ಫ್ಲಾರಿಡಾ ರಾಜ್ಯದ ಬ್ರೋವರ್ಡ್ ಕೌಂಟಿ ಒಂದು ದೊಡ್ಡ ಶಾಲಾ ಜಿಲ್ಲೆ. ಅಲ್ಲಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಕರಿಯರು ಮತ್ತು ಹಿಸ್ಪಾನಿಕ್ ಜನ. ಆದರೆ ಗಿಫ್ಟೆಡ್ ಮಕ್ಕಳಲ್ಲಿ ಅವರ ಪಾಲು ಶೇಕಡಾ 28. ಸೇರುವ ಕ್ರಮ ಎಲ್ಲ ಕಡೆಯಂತೆ. ಮೇಷ್ಟರು ಶಿಫಾರಸು ಮಾಡಬೇಕು, ಇಲ್ಲವೇ ತಂದೆತಾಯಿ ಬಂದು ಕೇಳಬೇಕು. ಆಮೇಲೆ ಮನಶ್ಶಾಸ್ತ್ರಜ್ಞರು ಮಗುವಿಗೆ ಐಕ್ಯೂ ಪರೀಕ್ಷೆ ಕೊಡುತ್ತಾರೆ. ಕಾಸಿದ್ದವರು ಖಾಸಗಿ ಮನಶ್ಶಾಸ್ತ್ರಜ್ಞರ ಹತ್ತಿರ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬರಬಹುದು. 2005ರಲ್ಲಿ ಆ ಜಿಲ್ಲೆ ಒಂದು ಸರಳ ಕೆಲಸ ಮಾಡಿತು. ಯಾರ ಶಿಫಾರಸೂ ಬೇಡ, ಯಾರೂ ಬಂದು ಕೇಳುವುದೂ ಬೇಡ, ಎರಡನೆಯ ತರಗತಿಯ ಪ್ರತಿಯೊಂದು ಮಗುವಿಗೂ ಶಾಲೆಯ ಹೊತ್ತಿನಲ್ಲೇ ಒಂದು ಚಿಕ್ಕ ಪರೀಕ್ಷೆ ಕೊಟ್ಟಿತು. ಹೆಚ್ಚು ಭಾಷೆ ಬೇಡದ, ಚಿತ್ರಗಳ ನಡುವಿನ ಸಂಬಂಧ ಗುರುತಿಸುವ ಪರೀಕ್ಷೆ ಅದು. ಅದರಲ್ಲಿ ಮುಂದೆ ಬಂದವರನ್ನು ಐಕ್ಯೂ ಪರೀಕ್ಷೆಗೆ ಕಳಿಸಿತು.

ಡೇವಿಡ್ ಕಾರ್ಡ್ ಮತ್ತು ಲಾರಾ ಜುಲಿಯಾನೊ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಕೂಲಂಕಷವಾಗಿ ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ್ದಾರೆ. (ಕಾರ್ಡ್ ಅವರಿಗೆ 2021ರಲ್ಲಿ ಬೇರೆ ಕೆಲಸಕ್ಕಾಗಿ ನೊಬೆಲ್ ಬಂತು.) ಕರಿಯ ಮಕ್ಕಳಲ್ಲಿ ಗಿಫ್ಟೆಡ್ ಎನ್ನಿಸಿಕೊಂಡವರು ನೂರಕ್ಕೆ ಒಬ್ಬರಿದ್ದದ್ದು ಮೂವರಾದರು. ಹಿಸ್ಪಾನಿಕ್ ಮಕ್ಕಳಲ್ಲಿ ಇಬ್ಬರಿದ್ದದ್ದು ಆರಾಯಿತು. ಬಿಳಿಯ ಮಕ್ಕಳಲ್ಲಿ ಆರು ಇದ್ದದ್ದು ಎಂಟಾಯಿತು. ಹಾಗಾದರೆ ಮಟ್ಟ ಇಳಿಸಿದರೋ ಎಂದು ನಮ್ಮವರು ತಕ್ಷಣ ಕೇಳುತ್ತಾರೆ. ಇಲ್ಲ. ಬಡಮಕ್ಕಳಿಗೆ ಕೊಂಚ ಕಡಿಮೆ ಐಕ್ಯೂ ಸಾಕು ಎಂಬ ರಿಯಾಯಿತಿ ಫ್ಲಾರಿಡಾದಲ್ಲಿ 1990ರ ದಶಕದಿಂದಲೇ ಇತ್ತು. ಆ ರಿಯಾಯಿತಿ ಇದ್ದೂ ಮಕ್ಕಳು ಬಂದಿರಲಿಲ್ಲ. 2005ರಲ್ಲಿ ಮಟ್ಟವನ್ನು ಕೂದಲೆಳೆಯಷ್ಟೂ ಬದಲಿಸಲಿಲ್ಲ. ಬದಲಾದದ್ದು ಇಷ್ಟೇ: ಮೊದಲು ಕೇಳಿದವರನ್ನು ಅಳೆಯುತ್ತಿದ್ದರು, ಈಗ ಎಲ್ಲರನ್ನೂ ಅಳೆದರು. ಅಳೆದ ಕೂಡಲೇ ಅಲ್ಲಿಯ ತನಕ ಇಲ್ಲದ ಮಕ್ಕಳು ಆಕಾಶದಿಂದ ಉದುರಿದರೇ? ಅವರು ಅದೇ ಬೆಂಚಿನ ಮೇಲೆ, ಅದೇ ಮೇಷ್ಟರ ಕಣ್ಣೆದುರಿಗೆ ಕೂತಿದ್ದರು. ಹೀಗೆ ಕಡೆಗಣಿಸಲ್ಪಟ್ಟವರಲ್ಲಿ ಇಂಗ್ಲಿಷ್ ಮನೆಮಾತಲ್ಲದವರಿದ್ದರು, ಬಡವರಿದ್ದರು, ಹೆಣ್ಣುಮಕ್ಕಳೂ ಇದ್ದರು.

ಆಮೇಲೆ? ಹಣದ ಮುಗ್ಗಟ್ಟು ಬಂತು. ಒಂದು ವರ್ಷದ ಪರೀಕ್ಷೆಗೆ ಮನಶ್ಶಾಸ್ತ್ರಜ್ಞರು ಹೆಚ್ಚುವರಿಯಾಗಿ ದುಡಿಯಬೇಕಿತ್ತು, ಅವರಿಗೆ ಕೂಲಿ ಕೊಡಬೇಕಿತ್ತು. 2010ರ ಹೊತ್ತಿಗೆ ಜಿಲ್ಲೆ ಈ ವ್ಯವಸ್ಥೆಯನ್ನು ನಿಲ್ಲಿಸಿತು. ಮಕ್ಕಳು ಮತ್ತೆ ಕಾಣದಾದರು. ಅಂತರ ಮೊದಲಿದ್ದಲ್ಲಿಗೇ ಬಂತು. ಐದು ವರ್ಷ ಬುದ್ಧಿ ಬಂದು ಆರನೆಯ ವರ್ಷ ಹೋಯಿತೆಂದು ವಾದಿಸುವ ಧೈರ್ಯ ಯಾರಿಗಾದರೂ ಇದ್ದರೆ ಮುಂದೆ ಬರಲಿ.

ಮೇಷ್ಟರ ಕಣ್ಣು ಎಂದೆ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದವನು ನಾನು, ಈ ಕಣ್ಣಿನ ಬಗ್ಗೆ ಬಲ್ಲೆ. ಅಮೆರಿಕದ ಸರ್ಕಾರಿ ಶಾಲೆಗಳ ಮೇಷ್ಟರಲ್ಲಿ ನೂರಕ್ಕೆ ಎಂಬತ್ತರಷ್ಟು ಬಿಳಿಯರು, ಕರಿಯರು ಆರೇಳು. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಜೇಸನ್ ಗ್ರಿಸಮ್ ಮತ್ತು ಕ್ರಿಸ್ಟೋಫರ್ ರೆಡಿಂಗ್ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಣಿತದಲ್ಲೂ ಓದಿನಲ್ಲೂ ಸಮಾನ ಅಂಕ ಪಡೆದ ಕರಿಯ ಮಗು ಮತ್ತು ಬಿಳಿಯ ಮಗುವನ್ನು ಇಟ್ಟುಕೊಂಡರೆ, ಕರಿಯ ಮಗು ಗಿಫ್ಟೆಡ್ ತರಗತಿಗೆ ಹೋಗುವ ಸಂಭವ ಅರ್ಧದಷ್ಟು ಎಂದು ಕಂಡಿತು. ಅದೇ ಕರಿಯ ಮಗುವಿಗೆ ಕರಿಯ ಮೇಷ್ಟರು ಸಿಕ್ಕರೆ ಈ ಅಂತರ ಬಹುಮಟ್ಟಿಗೆ ಕರಗುತ್ತದೆ. ಬಿಳಿಯ ಮೇಷ್ಟರೆಲ್ಲ ದ್ವೇಷಿಗಳು ಎಂದು ನಾನು ಹೇಳುತ್ತಿಲ್ಲ. ಪಾಠದ ನಡುವೆ ಎದ್ದು ಪ್ರಶ್ನೆ ಕೇಳುವ ಹುಡುಗ ತನ್ನ ಮಗನನ್ನು ಹೋಲುತ್ತಿದ್ದರೆ 'ಚುರುಕು' ಎನ್ನಿಸುತ್ತಾನೆ, ಹೋಲದಿದ್ದರೆ 'ತಂಟೆಕೋರ' ಎನ್ನಿಸುತ್ತಾನೆ. ನಮ್ಮ ಊರ ಶಾಲೆಗಳ ಸ್ಟಾಫ್ ರೂಮುಗಳಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ತಂದೆತಾಯಿ ಕೇಳುವ ವಿಚಾರ. ನನ್ನ ಮಗ ಸೊಸೆ ಇರುವುದು ನ್ಯೂಜೆರ್ಸಿಯ ಒಂದು ಊರಿನಲ್ಲಿ. ಒಮ್ಮೆ ಮೊಮ್ಮಗಳ ಶಾಲೆಯಿಂದ ಒಂದು ಹಾಳೆ ಬಂತು: ನಿಮ್ಮ ಮಗುವನ್ನು ಪ್ರತಿಭಾವಂತರ ಕಾರ್ಯಕ್ರಮಕ್ಕೆ ಪರಿಗಣಿಸಬೇಕಿದ್ದರೆ ಇಂಥ ದಿನದೊಳಗೆ ಈ ಫಾರಂ ತುಂಬಿ ಕಳಿಸಿ. ಹಾಳೆ ಕೈಗೆ ಬರುವ ಮೊದಲೇ ನಮ್ಮ ಸೊಸೆಗೆ ವಿಷಯ ಗೊತ್ತಿತ್ತು. ಭಾರತೀಯ ತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ಯಾವ ಕಾಲಂಗೆ ಯಾವ ಶಬ್ದ ಬರೆದರೆ ಒಳ್ಳೆಯದು ಎಂಬ ಚರ್ಚೆಯೂ ಮುಗಿದಿತ್ತು. ಎರಡು ಮನೆ ಆಚೆ ಒಬ್ಬ ಕರಿಯ ಹೆಣ್ಣುಮಗಳಿದ್ದಳು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸು, ಒಬ್ಬಳೇ ಮಗನನ್ನು ಸಾಕುತ್ತಿದ್ದಳು. ಆ ಹುಡುಗ ನಮ್ಮ ಮನೆಗೆ ಬಂದರೆ ನನ್ನ ಪಕ್ಕ ಕೂತು ಚದುರಂಗದಲ್ಲಿ ನನಗೆ ಬೆವರಿಳಿಸುತ್ತಿದ್ದ. ಅವನ ಚೀಲದ ತಳದಲ್ಲಿ, ಬಾಳೆಹಣ್ಣಿನ ಸಿಪ್ಪೆಗೆ ಅಂಟಿಕೊಂಡು ಆ ಹಾಳೆ ಉಳಿದಿತ್ತು. ಅವಳು ಅದನ್ನು ಕಂಡು ಶಾಲೆಗೆ ಹೋದಾಗ ದಿನ ದಾಟಿತ್ತು. ಮುಂದಿನ ವರ್ಷ ನೋಡೋಣ ಎಂದರಂತೆ. 'ಓದುವ ವಾತಾವರಣ' ಎಂದು ನಮ್ಮವರು ಯಾವುದನ್ನು ಕರೆಯುತ್ತಾರೋ ಅದರಲ್ಲಿ ಈ ವಾಟ್ಸಾಪ್ ಗುಂಪಿನ ಪಾಲೆಷ್ಟು, ಹಗಲು ಎಚ್ಚರ ಇರಬಲ್ಲ ತಾಯಿಯ ಪಾಲೆಷ್ಟು ಎಂದು ಯಾರಾದರೂ ಲೆಕ್ಕ ಹಾಕಬೇಕು.

ಸರಿ, ಹೇಗೋ ಒಳಗೆ ಬಂದು ಗೆದ್ದೂ ಗೆದ್ದರು ಎನ್ನಿ, ಆಗ ನಂಬುತ್ತಾರೆಯೇ? 1982ರಲ್ಲಿ ಲಾಸ್ ಏಂಜಲಿಸ್‌ನ ಗಾರ್‌ಫೀಲ್ಡ್ ಶಾಲೆಯಲ್ಲಿ ಹೈಮೆ ಎಸ್ಕಲಾಂಟೆ ಎಂಬ ಮೇಷ್ಟರ ಹದಿನೆಂಟು ಮಕ್ಕಳು, ಮೆಕ್ಸಿಕನ್ ಮೂಲದ ಬಡವರ ಮಕ್ಕಳು, ಕ್ಯಾಲ್ಕ್ಯುಲಸ್‌ನ ಎ.ಪಿ. ಪರೀಕ್ಷೆ ಬರೆದು ಪಾಸಾದರು. ಹದಿನಾಲ್ವರ ಮೇಲೆ ನಕಲು ಮಾಡಿದ್ದಾರೆಂಬ ಅನುಮಾನ ಬಂತು. ಹನ್ನೆರಡು ಮಂದಿ ಮತ್ತೆ ಕೂತು ಬರೆದರು. ಹನ್ನೆರಡೂ ಮಂದಿ ಮತ್ತೆ ಪಾಸಾದರು. ಆಮೇಲೆ ಅದರ ಮೇಲೆ ಸಿನಿಮಾ ತೆಗೆದರು.

ನ್ಯೂಯಾರ್ಕಿನ ಕತೆ ಪತ್ರಿಕೆ ಓದುವವರಿಗೆ ಗೊತ್ತೇ ಇದೆ. ಅಲ್ಲಿ 2008ರಿಂದ ನಾಲ್ಕು ವರ್ಷದ ಕೂಸುಗಳಿಗೆ ಗಿಫ್ಟೆಡ್ ಪರೀಕ್ಷೆ ಇಟ್ಟರು. ಅದಕ್ಕೆ ಟ್ಯೂಷನ್ ಕೊಡುವ ಅಂಗಡಿಗಳು ಎದ್ದವು; 2021ರಲ್ಲಿ ಪರೀಕ್ಷೆ ನಿಲ್ಲಿಸಬೇಕಾಯಿತು. ಇನ್ನು ಸ್ಟೈವಸೆಂಟ್ ಎಂಬ ಹೆಸರಾಂತ ಹೈಸ್ಕೂಲು. ಪ್ರವೇಶಕ್ಕೆ ಒಂದೇ ಪರೀಕ್ಷೆ, ಅದನ್ನು 1971ರ ಕಾನೂನು ಕಾಯುತ್ತಿದೆ. 2019ರಲ್ಲಿ ಅಲ್ಲಿ ಸೀಟು ಪಡೆದ 895 ಮಕ್ಕಳಲ್ಲಿ ಕರಿಯರು ಏಳು. ಆದರೆ 1970ರ ದಶಕದ ನಡುವೆ ಅದೇ ಶಾಲೆಯಲ್ಲಿ, ಅದೇ ಬಗೆಯ ಪರೀಕ್ಷೆ ಬರೆದು, ನೂರಕ್ಕೆ ಹತ್ತಕ್ಕಿಂತ ಹೆಚ್ಚು ಕರಿಯರಿದ್ದರು. ಒಂದು ಜನಾಂಗದ ಬುದ್ಧಿ ಐವತ್ತು ವರ್ಷದಲ್ಲಿ ಹೀಗೆ ಬತ್ತುವುದಿಲ್ಲ. ನಡುವೆ ಆದದ್ದೇನೆಂದರೆ ಕರಿಯರ ಬಡಾವಣೆಗಳ ಶಾಲೆಗಳಲ್ಲಿದ್ದ ಮುಂದುವರಿದ ತರಗತಿಗಳು ಒಂದೊಂದಾಗಿ ಮುಚ್ಚಿದವು, ಇತ್ತ ಪರೀಕ್ಷೆಯ ಕೋಚಿಂಗು ವ್ಯಾಪಾರವಾಗಿ ಬೆಳೆಯಿತು. ಸ್ಟೈವಸೆಂಟಿಗೆ ಹೋಗುವ ಚೀನೀ, ಬಾಂಗ್ಲಾದೇಶಿ ಮಕ್ಕಳಲ್ಲಿ ಎಷ್ಟೋ ಜನ ಹೋಟೆಲ್ ಕೆಲಸಗಾರರ, ಟ್ಯಾಕ್ಸಿ ಓಡಿಸುವವರ ಮಕ್ಕಳು; ಅವರ ಶ್ರಮವನ್ನು ಹಳಿಯುವ ಪಾಪಕ್ಕೆ ನಾನು ಹೋಗುವುದಿಲ್ಲ. ಮೇಲಿನ ಮೆಟ್ಟಿಲಲ್ಲಿ ನಿಂತು ಜಗಳ ಮಾಡುವ ಎರಡೂ ಕಡೆಯವರು ಕೆಳಗಿನ ಮೆಟ್ಟಿಲುಗಳನ್ನು ಕಿತ್ತದ್ದು ಯಾರು ಎಂದು ಕೇಳುವುದೇ ಇಲ್ಲ.

ನಮ್ಮವರಿಗೆ ನೇರವಾಗಿ ತಟ್ಟುವ ಪ್ರಕರಣ ವರ್ಜೀನಿಯಾದ್ದು. ಫೇರ್‌ಫ್ಯಾಕ್ಸ್ ಕೌಂಟಿಯ ಥಾಮಸ್ ಜೆಫರ್‌ಸನ್ ವಿಜ್ಞಾನ ಹೈಸ್ಕೂಲು, ಟಿ.ಜೆ. ಎಂದರೆ ನಮ್ಮವರ ಕಣ್ಣು ಅರಳುತ್ತದೆ. 2020ರ ತನಕ ಅಲ್ಲಿ ಪರೀಕ್ಷೆ ಇತ್ತು, ನೂರು ಡಾಲರ್ ಅರ್ಜಿ ಶುಲ್ಕವಿತ್ತು. ಆ ವರ್ಷ ಸೀಟು ಪಡೆದವರಲ್ಲಿ ನೂರಕ್ಕೆ 73 ಏಷ್ಯನ್ನರು. ಕರಿಯರು ಹತ್ತು ಮಂದಿಯೂ ಇಲ್ಲ. ಬಡವರು ನೂರಕ್ಕೆ ಒಬ್ಬರೂ ಇಲ್ಲ. ಆಡಳಿತ ಮಂಡಳಿ ಪರೀಕ್ಷೆಯನ್ನೂ ಶುಲ್ಕವನ್ನೂ ತೆಗೆದು, ಪ್ರತಿಯೊಂದು ಮಾಧ್ಯಮಿಕ ಶಾಲೆಯ ಎಂಟನೆಯ ತರಗತಿಯಿಂದ ನೂರಕ್ಕೆ ಒಂದೂವರೆಯಷ್ಟು ಮಕ್ಕಳಿಗೆ ಸೀಟು ಮೀಸಲಿಟ್ಟಿತು. ಅರ್ಜಿಯಲ್ಲಿ ಮಗುವಿನ ಜನಾಂಗ ಯಾವುದೆಂದು ನೋಡುವ ಹಾಗೇ ಇಲ್ಲ. ಮೊದಲ ವರ್ಷವೇ ಕರಿಯರು ನೂರಕ್ಕೆ ಏಳು, ಬಡಮಕ್ಕಳು ಇಪ್ಪತ್ತೈದು ಆದರು. ಏಷ್ಯನ್ನರು 54ಕ್ಕೆ ಇಳಿದರು. ಆಗಲೂ ಅವರೇ ಅರ್ಧಕ್ಕಿಂತ ಹೆಚ್ಚು.

ಶುರುವಾಯಿತು ನೋಡಿ ಗಲಾಟೆ. ಮೆರಿಟ್ಟಿನ ಕೊಲೆಯಾಯಿತು ಎಂದರು. ಭಾರತೀಯ ತಂದೆತಾಯಂದಿರೂ ಸೇರಿದ ಒಂದು ಕೂಟ ನ್ಯಾಯಾಲಯಕ್ಕೆ ಹೋಯಿತು. 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಹೊಸ ಕ್ರಮವನ್ನು ಎತ್ತಿಹಿಡಿಯಿತು. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕೈಹಾಕಲು ಒಪ್ಪಲಿಲ್ಲ. ಈ ಗಲಾಟೆಯ ನಡುವೆ ಒಂದು ಅಂಕಿ ಇದೆ. ಹಳೆಯ ಕ್ರಮದ ಕೊನೆಯ ವರ್ಷ ಸೀಟು ಪಡೆದ ಬಡ ಏಷ್ಯನ್ ಮಕ್ಕಳು ಎಷ್ಟು? ಒಂದು. ಹೊಸ ಕ್ರಮದ ಮೊದಲ ವರ್ಷ? ಐವತ್ತೊಂದು. ಏಷ್ಯನ್ನರ ಹೆಸರು ಹೇಳಿ ಕೋರ್ಟಿಗೆ ಹೋದವರು ಕಾಯುತ್ತಿದ್ದದ್ದು ಯಾವ ಏಷ್ಯನ್ನರನ್ನು ಎಂಬುದು ಈ ಒಂದು ಮತ್ತು ಐವತ್ತೊಂದರ ನಡುವೆ ಇದೆ.

ನಮ್ಮವರ ಮರೆವು ಆಶ್ಚರ್ಯದ್ದು. ತಾವು ಆ ದೇಶಕ್ಕೆ ಹೋದದ್ದು ಎಂಥ ಜರಡಿ ಹಾಯ್ದು! 1965ರ ವಲಸೆ ಕಾನೂನು ಬಾಗಿಲು ತೆರೆದಾಗ ಭಾರತದಿಂದ ಮೊದಲು ಬಂದವರಲ್ಲಿ ಹೆಚ್ಚಿನವರು ಡಾಕ್ಟರು, ಎಂಜಿನಿಯರು, ವಿಜ್ಞಾನಿಗಳು. ಆಮೇಲೆ ಎಚ್-1ಬಿ ವೀಸಾದ ಸಾಫ್ಟ್‌ವೇರಿನವರು. ಅವರ ಹಿಂದೆ ಎರಡು ಮೂರು ತಲೆಮಾರಿನ ಅಕ್ಷರವಿತ್ತು, ಬಹುಮಂದಿಗೆ ಜಾತಿಯ ಆಸರೆಯಿತ್ತು, ಸರ್ಕಾರದ ದುಡ್ಡಿನಲ್ಲಿ ನಡೆಯುವ ಕಾಲೇಜುಗಳ ಡಿಗ್ರಿಯಿತ್ತು. ಮೊದಲು ಆ ದೇಶದ ಬಾಗಿಲು ಇವರಿಗೆ ಮುಚ್ಚಿತ್ತು. ಅದು ತೆರೆದದ್ದು ಕರಿಯರು ಬೀದಿಗಿಳಿದು ಏಟು ತಿಂದ ಅದೇ ದಶಕದಲ್ಲಿ. ಈಗ ಅವರು ಮನೆ ಕೊಳ್ಳುವಾಗ ಮೊದಲು ನೋಡುವುದು ಆ ಬೀದಿಯ ಶಾಲೆಗೆ ಹತ್ತಕ್ಕೆ ಎಷ್ಟು ಅಂಕ ಎಂದು. ಶಾಲೆಗಳ ಹಣದಲ್ಲಿ ದೊಡ್ಡ ಪಾಲು ಬರುವುದು ಆಯಾ ಊರಿನ ಮನೆ ಕಂದಾಯದಿಂದ. ಕರಿಯರ ಬಡಾವಣೆಗಳಿಗೆ ಮನೆ ಸಾಲ ಸಿಗದ ಹಾಗೆ 1930ರ ದಶಕದಲ್ಲಿ ಸರ್ಕಾರವೇ ನಕ್ಷೆಯಲ್ಲಿ ಕೆಂಪು ಬಳಿದಿತ್ತು. ಕಂದಾಯ ಎಲ್ಲಿ ಕಡಿಮೆ, ಶಾಲೆ ಎಲ್ಲಿ ಬಡವು ಎಂದು ಊಹಿಸಲು ಗಿಫ್ಟೆಡ್ ಆಗಬೇಕಿಲ್ಲ.

ಈ ವಾದದ ಬೇರು ನಮ್ಮಲ್ಲೇ ಇದೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ ನೇಮಿಸಿ, ಬ್ರಾಹ್ಮಣೇತರರಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ಸಿಗುವಂತೆ ಮಾಡುವುದು ಹೇಗೆಂದು ಕೇಳಿದಾಗ, ಮೈಸೂರಿನಲ್ಲಿ ಎದ್ದ ಕೂಗು ಒಂದೇ: ದಕ್ಷತೆ ಹಾಳಾಗುತ್ತದೆ. ಮಹಾನುಭಾವರಾದ ವಿಶ್ವೇಶ್ವರಯ್ಯನವರ ಆತಂಕವೂ ಅದೇ ಆಗಿತ್ತು, ಅವರು ದಿವಾನಗಿರಿ ಬಿಟ್ಟದ್ದಕ್ಕೆ ಅದೂ ಒಂದು ಕಾರಣವೆಂದು ಎಲ್ಲರೂ ಬಲ್ಲರು. ನೂರು ವರ್ಷ ಕಳೆಯಿತು. ಅಂದು ಆ ಬಾಗಿಲು ತೆರೆಯದಿದ್ದರೆ ಓದದೇ ಉಳಿಯುತ್ತಿದ್ದವರ ಮೊಮ್ಮಕ್ಕಳಲ್ಲಿ ಕೆಲವರು ಇಂದು ವರ್ಜೀನಿಯಾದಲ್ಲಿ ಕೂತು ದಕ್ಷತೆಯ ಬಗ್ಗೆ ಚಿಂತಿಸುತ್ತಿದ್ದಾರೆ! ಇದನ್ನು ನಗಬೇಕೋ ಅಳಬೇಕೋ.

ಮಾಡಬೇಕಾದ್ದು ಘನಂದಾರಿಯಾದ್ದೇನಲ್ಲ, ಕ್ರಾಂತಿಯೂ ಅಲ್ಲ. ಎಲ್ಲ ಮಕ್ಕಳನ್ನೂ ಅಳೆಯಿರಿ, ಅಳೆದು ಸಿಕ್ಕವರನ್ನು ತಾವಾಗಿಯೇ ಒಳಗೆ ಕರೆಯಿರಿ. ನಾರ್ತ್ ಕೆರೊಲಿನಾ 2018ರಲ್ಲಿ ಹಾಗೊಂದು ಕಾನೂನು ಮಾಡಿತು: ಗಣಿತದಲ್ಲಿ ಅತಿ ಮೇಲಿನ ಮಟ್ಟ ಮುಟ್ಟಿದ ಮಗುವಿಗೆ ಮುಂದಿನ ವರ್ಷ ಮುಂದುವರಿದ ತರಗತಿ ಕೊಡಲೇಬೇಕು. ಟೆಕ್ಸಾಸ್ 2023ರಲ್ಲಿ ಇನ್ನೂ ಮುಂದೆ ಹೋಯಿತು; ಐದನೆಯ ತರಗತಿಯ ಗಣಿತ ಪರೀಕ್ಷೆಯಲ್ಲಿ ಮೇಲಿನ ನೂರಕ್ಕೆ ನಲವತ್ತರಲ್ಲಿ ಬಂದ ಮಗು ಯಾರ ಶಿಫಾರಸೂ ಇಲ್ಲದೆ ಆರನೆಯ ತರಗತಿಯ ಮುಂದುವರಿದ ಗಣಿತಕ್ಕೆ ಸೇರುತ್ತದೆ. ಟೆಕ್ಸಾಸನ್ನು ಎಡಪಂಥೀಯರ ರಾಜ್ಯ ಎಂದು ಅದರ ಶತ್ರುಗಳೂ ಕರೆಯಲಾರರು. ಅಲ್ಲಿ ಈಗ ತಾಯಿಯಾದವಳು ಅರ್ಜಿ ಬರೆಯಬೇಕಾದ್ದು ತನ್ನ ಮಗುವಿಗೆ ಆ ತರಗತಿ ಬೇಡ ಎನ್ನುವುದಿದ್ದರೆ ಮಾತ್ರ. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದವಳ ಮಗನ ಚೀಲದಲ್ಲಿ ಹಾಳೆ ಕೊಳೆತರೂ ಹುಡುಗ ಒಳಗೇ ಇರುತ್ತಾನೆ.